ಸುಫ್ಫಾದ ಜಗಲಿ ನಮ್ಮ ಮನೆಯಲ್ಲಿದೆಯೇ?

ಹಿಡಕಲ್ ಜಲಾಶಯಕ್ಕಾಗಿ ಊರು ಬಿಟ್ಟವರ ನೋವನ್ನು ದಡ್ಡಿಯ ಸುತ್ತಲಿನ ಹಿರಿಯರು ಬಲ್ಲರು. ಆದರೆ ಊರಿನೊಂದಿಗೆ ಓದನ್ನೂ ಕಳೆದುಕೊಳ್ಳುವವರಿದ್ದಾರೆ.

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನರ ವಶವಾದಾಗ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಅಫ್ಘಾನ್ ವಿದ್ಯಾರ್ಥಿಗಳು ಕಂಗಾಲಾದರು. 2022ರ ಡಿಸೆಂಬರ್‌ನಲ್ಲಿ ಅವರ ನಾಡಿನ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯಗಳ ಬಾಗಿಲೇ ಮುಚ್ಚಿತು.

ಪ್ರವಾದಿ(ಸ)ರು ಏನು ಮಾಡಿದ್ದರು? ಮನೆಮಾರು ಬಿಟ್ಟು ಬಂದ ಬಡ ಸಹಾಬಿಗಳಿಗೆ ಮದೀನಾದ ಮಸೀದಿಯ ‘ಸುಫ್ಫಾ’ ಎಂಬ ಜಗಲಿಯನ್ನು ಬಿಟ್ಟುಕೊಟ್ಟರು. ಅಲ್ಲಿ ಅವರಿಗೆ ನೆರಳೂ ಸಿಕ್ಕಿತು, ವಿದ್ಯೆಯೂ ಸಿಕ್ಕಿತು. ಊರವರು ಅನ್ನ ಹಂಚಿಕೊಂಡರು. ಯಮನ್‌ನಿಂದ ಬಂದು ಆ ಜಗಲಿಯಲ್ಲಿ ಹಸಿದು ಕುಳಿತಿದ್ದ ಹ. ಅಬೂಹುರೈರಾ(ರ)ರೇ ಅತ್ಯಧಿಕ ಹದೀಸ್‌ಗಳನ್ನು ನಮಗೆ ತಲುಪಿಸಿದರು.

ಝಕಾತ್‌ನಲ್ಲಿ ದಾರಿಹೋಕನಿಗೂ ಪಾಲಿದೆ. ನೆಲೆ ತಪ್ಪಿದ ವಿದ್ಯಾರ್ಥಿ ಬಾಡಿಗೆ ಕೋಣೆ ಕೇಳಿ ಬಂದರೆ, ಅವನ ಜಾತಿ ವಿಚಾರಿಸುವ ಮೊದಲು ಅವನ ಊಟ ವಿಚಾರಿಸಿರಿ.