ಪೋಕರ್ ಟೇಬಲ್‌ನಲ್ಲಿ ಇಬ್ಬರ ಕಳ್ಳಾಟ: ದೂರು ಎಲ್ಲಿ, ಹೇಗೆ?

ಆನ್‌ಲೈನ್ ಪೋಕರ್ ಟೂರ್ನಮೆಂಟ್‌ನಲ್ಲಿ ದುಡ್ಡು ಕಳೆದುಕೊಂಡವರಿಗೆ ಎದುರಾಳಿಗಳು ಒಳಗೊಳಗೇ ಕೈಜೋಡಿಸಿದ್ದರು ಅನ್ನಿಸುವುದು ಹೊಸದಲ್ಲ. ಎಷ್ಟೋ ಸಲ ಅದು ಸೋಲಿನ ಸಂಕಟವಷ್ಟೇ. ಹಾಗಂತ ಕಳ್ಳಾಟ ನಡೆಯುವುದೇ ಇಲ್ಲ ಎನ್ನುವಂತಿಲ್ಲ.

ಒಬ್ಬನ ಬಳಿ 20,000 ಚಿಪ್ಸ್ ಇವೆ ಎನ್ನಿ. ಒಂದೇ ಆಟದಲ್ಲಿ 18,000 ಮುಂದಿಡುತ್ತಾನೆ. ಎದುರಿನವನು ಆಲ್-ಇನ್, ಅಂದರೆ ಇದ್ದದ್ದೆಲ್ಲ ಪಣಕ್ಕೆ, ಎಂದ ಕೂಡಲೇ ಎಲೆ ಮಡಚಿ ಹಿಂದೆ ಸರಿಯುತ್ತಾನೆ. ಉಳಿದ 2,000 ಹಾಕಿದ್ದರೆ ಅಷ್ಟೂ ಚಿಪ್ಸ್ ಗೆಲ್ಲುವ ಅವಕಾಶವಿತ್ತು. ಆಟ ಬಲ್ಲವರಾರೂ ಅಲ್ಲಿ ಬಿಡುವುದಿಲ್ಲ. ತನ್ನ ಚಿಪ್ಸ್ ಗೆಳೆಯನಿಗೆ ದಾಟಿಸುವ ಈ ಉಪಾಯಕ್ಕೆ ಆಟಗಾರರು ಚಿಪ್ ಡಂಪಿಂಗ್ ಅನ್ನುತ್ತಾರೆ. ಒಮ್ಮೆ ಆದರೆ ನೆಟ್ ಕೈಕೊಟ್ಟಿರಬಹುದು, ಬೆರಳು ತಪ್ಪಿರಬಹುದು. ಅದೇ ಎರಡು ಖಾತೆಗಳ ನಡುವೆ ಮತ್ತೆ ಮತ್ತೆ ಆದರೆ ಪ್ರಶ್ನಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಎಲೆ ಹೇಳಿಕೊಳ್ಳುವುದು, ಒಬ್ಬನೇ ಎರಡು ಹೆಸರಲ್ಲಿ ಕೂರುವುದು ಹೊರಗಿನವರ ಕಣ್ಣಿಗೆ ಬೀಳುವುದೂ ಕಷ್ಟ.

ತೊಡಕಿರುವುದೇ ಇಲ್ಲಿ. ಪುರಾವೆ ನಿಮ್ಮ ಕೈಯಲ್ಲಿಲ್ಲ, ಕಂಪನಿಯ ಸರ್ವರ್‌ನಲ್ಲಿದೆ. ನಿಮಗೆ ಸಿಗುವ ಆಟದ ದಾಖಲೆಯಲ್ಲಿ (ಹ್ಯಾಂಡ್ ಹಿಸ್ಟರಿ) ಎದುರಾಳಿ ತೋರಿಸದ ಎಲೆಗಳು ಇರುವುದಿಲ್ಲ. 2007ರಲ್ಲಿ ಆ್ಯಬ್ಸಲ್ಯೂಟ್ ಪೋಕರ್ ಎಂಬ ವಿದೇಶಿ ತಾಣದಲ್ಲಿ ಎರಡನೇ ಸ್ಥಾನ ಪಡೆದ ಆಟಗಾರನೊಬ್ಬ ದಾಖಲೆ ಕೇಳಿದಾಗ, ಕಂಪನಿ ಕೈತಪ್ಪಿ ಎಲ್ಲರ ಎಲೆಗಳೂ ಇದ್ದ ಕಡತವನ್ನೇ ಕಳಿಸಿತು. ಗೆದ್ದವನಿಗೆ ಇತರರ ಎಲೆಗಳು ಕಾಣುತ್ತಿದ್ದವು ಎಂಬ ಹಗರಣ ಬಯಲಾದದ್ದು ಹಾಗೆ. ಅದು ಇಬ್ಬರು ಆಟಗಾರರ ಒಳಸಂಚಲ್ಲ, ಒಳಗಿನವರ ಮೋಸ. ಆದರೂ ಸತ್ಯ ಎಲ್ಲಿ ಕೂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾಗಿ ಕಂಪನಿಗೆ ಬರೆಯುವ ದೂರಿನಲ್ಲಿ 'ಮೋಸವಾಯಿತು' ಎಂಬ ಗೋಳಿಗಿಂತ ಹ್ಯಾಂಡ್ ನಂಬರ್, ಟೂರ್ನಮೆಂಟ್ ಐಡಿ, ಸಮಯ, ಎರಡೂ ಖಾತೆಗಳ ಹೆಸರು ಮುಖ್ಯ. ಖಾತೆಗಳ ಐಪಿ ವಿಳಾಸ, ಸಾಧನದ ವಿವರ, ಆಟದ ದಾಖಲೆಗಳನ್ನು ಅಳಿಸದೆ ಕಾಯ್ದಿಡಿ ಎಂಬ ಒಂದು ಸಾಲು ಕಡ್ಡಾಯವಾಗಿ ಸೇರಿಸಿ. ಅವನ್ನು ನಿಮಗೆ ಕೊಡಲಾರರು. ಪೊಲೀಸರು ಕೇಳಿದಾಗ ಇರಬೇಕು, ಅಷ್ಟೇ. ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ನ್ಯಾಯಾಲಯದಲ್ಲಿ ಅದರ ಪ್ರತಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ.

ಈಗ ಅನೇಕರ ಬಾಯಿ ಕಟ್ಟಿಹಾಕುವ ಪ್ರಶ್ನೆ: 'ಆಡಿದ್ದಕ್ಕೆ ನನ್ನನ್ನೇ ಹಿಡಿದರೆ?' 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆಟಗಳನ್ನು ಕೌಶಲವೋ ಅದೃಷ್ಟವೋ ಎಂದು ನೋಡದೆ ನಿಷೇಧಿಸಿದೆ. ಆಡಿಸುವವರಿಗೆ 3 ವರ್ಷದವರೆಗೆ ಜೈಲು ಅಥವಾ 1 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ. ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಆದರೆ ತೆಲಂಗಾಣ, ಆಂಧ್ರದ ರಾಜ್ಯ ಕಾನೂನುಗಳು ಆಟಗಾರರನ್ನೂ ಬಿಡುವುದಿಲ್ಲ. ಹೈದರಾಬಾದಿನಲ್ಲಿ ಕೂತು ಆಡಿದವರು ಮೊದಲು ವಕೀಲರನ್ನು ಕಾಣುವುದು ಒಳ್ಳೆಯದು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದುಪಡಿಸಿತ್ತು.

ಪೊಲೀಸರ ಬಳಿ ಹೋಗುವುದಾದರೆ ಸೈಬರ್ ಅಪರಾಧಗಳ ಸೆನ್ ಠಾಣೆ, ಇಲ್ಲವೇ ಯಾವುದೇ ಠಾಣೆ. ವ್ಯಾಪ್ತಿಯ ನೆಪ ಹೇಳಿ ವಾಪಸ್ ಕಳಿಸುವಂತಿಲ್ಲ; ಝೀರೋ ಎಫ್‌ಐಆರ್ ದಾಖಲಿಸಲೇಬೇಕು. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 318, ಬೇರೆಯವರ ಹೆಸರಿನ ಖಾತೆ ಬಳಸಿ ವಂಚಿಸಿದ್ದರೆ ಐಟಿ ಕಾಯ್ದೆಯ 66ಡಿ. ಠಾಣೆಯವರು ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಲಿಖಿತವಾಗಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. 'ಜೂಜಾಡಿ ಸೋತು ಬಂದಿದ್ದೀಯಲ್ಲ' ಎಂಬ ಮಾತು ಕೇಳಬೇಕಾದೀತು. ಖಾತೆಯಿಂದ ಹಣ ಹೋದ ತಕ್ಷಣವಾದರೆ 1930ಕ್ಕೆ ಕರೆ ಮಾಡಬಹುದು. ಬಹುಮಾನ ಹಂಚಿ ತಿಂಗಳುಗಳಾದ ಮೇಲೆ ಅದರಿಂದ ಹೆಚ್ಚು ಪ್ರಯೋಜನ ಆಗಲಾರದು.

ಗ್ರಾಹಕ ಆಯೋಗ? ದೂರಿಗೆ 2 ವರ್ಷದ ಗಡುವು. 2025ರ ಜುಲೈನಲ್ಲಿ ಆಡಿದ್ದರೆ ಲೆಕ್ಕ 2027ರ ಜುಲೈಗೆ ಮುಗಿಯುತ್ತದೆ. ನೀವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಬಾಜಿಯ ಒಪ್ಪಂದ ಅಸಿಂಧು ಎನ್ನುವ ಕರಾರು ಕಾಯ್ದೆಯ ಕಲಂ 30ನ್ನು ಕಂಪನಿಯ ವಕೀಲರು ಎತ್ತದೆ ಬಿಡಲಾರರು. ನನ್ನ ಅಭಿಪ್ರಾಯದಲ್ಲಿ, ಗೆಲ್ಲಬಹುದಾಗಿದ್ದ ಬಹುಮಾನಕ್ಕಿಂತ ಕಟ್ಟಿದ ಪ್ರವೇಶ ಶುಲ್ಕ, ಸೇವೆಯಲ್ಲಿನ ಲೋಪ, ವ್ಯಾಲೆಟ್‌ನಲ್ಲಿ ಸಿಕ್ಕಿಕೊಂಡ ಬಾಕಿ, ಇವನ್ನು ಕೇಳುವುದು ಗಟ್ಟಿ ನೆಲ. ಇನ್ನು ಕದ್ದುಮುಚ್ಚಿ ನಡೆಯುವ ವಿದೇಶಿ ತಾಣಗಳಲ್ಲಿ ಈಗಲೂ ಆಡುವವರಿಗೆ ಕಂಪನಿಗೆ ನೋಟಿಸ್ ಕಳಿಸಲು ವಿಳಾಸವೇ ಸಿಗದೆ ಹೋಗಬಹುದು.

ಲಂಡನ್, ರೆಡಿಂಗ್‌ಗಳಲ್ಲಿರುವ ಕನ್ನಡಿಗರ ಸ್ಥಿತಿ ಇದಕ್ಕಿಂತ ಬೇರೆ. ಅಲ್ಲಿ ಗ್ಯಾಂಬ್ಲಿಂಗ್ ಕಮಿಷನ್ ಪರವಾನಗಿಯ ತಾಣಗಳು ಒಳಸಂಚನ್ನು ಪತ್ತೆಹಚ್ಚುವ ವ್ಯವಸ್ಥೆ ಇಟ್ಟುಕೊಳ್ಳಲೇಬೇಕು. ದೂರು 8 ವಾರದಲ್ಲಿ ಬಗೆಹರಿಯದಿದ್ದರೆ ಶುಲ್ಕವಿಲ್ಲದೆ ಸ್ವತಂತ್ರ ವ್ಯಾಜ್ಯ ಪರಿಹಾರ ಸಂಸ್ಥೆಗೆ ಒಯ್ಯಬಹುದು. ಆಟದಲ್ಲಿ ಮೋಸ ಮಾಡುವುದು ಅಲ್ಲಿನ 2005ರ ಗ್ಯಾಂಬ್ಲಿಂಗ್ ಕಾಯ್ದೆಯ ಕಲಂ 42ರಡಿ ಅಪರಾಧ, 2 ವರ್ಷದವರೆಗೆ ಜೈಲು.

ಎಲ್ಲೇ ಇರಲಿ, ತನಿಖೆ ಮುಗಿಯುವ ಮುನ್ನ ಆ ಇಬ್ಬರ ಹೆಸರು, ಫೋಟೊ ಹಾಕಿ ಫೇಸ್‌ಬುಕ್‌ನಲ್ಲಿ 'ಕಳ್ಳರು' ಎಂದು ಬರೆಯಬೇಡಿ. ನಮ್ಮಲ್ಲಿ ನ್ಯಾಯ ಸಂಹಿತೆಯ ಕಲಂ 356ರ ಮಾನನಷ್ಟ ಮೊಕದ್ದಮೆ ನಿಮ್ಮ ಮೇಲೇ ತಿರುಗಬಹುದು. ಆಗ ಕಳ್ಳಾಟವನ್ನು ಸಾಬೀತುಪಡಿಸುವ ಹೊರೆ ನಿಮ್ಮ ಹೆಗಲಿಗೆ ಬರುತ್ತದೆ, ಅದೂ ಸರ್ವರ್‌ನ ದಾಖಲೆ ಕೈಯಲ್ಲಿಲ್ಲದೆ.