ಮಗುವಿನ ಕಾರ್ಯಸಾಮರ್ಥ್ಯ: ಅಳೆಯುವ ಬಗೆ

ಮಗುವಿನ ನ್ಯೂನತೆ ಯಾವುದೆಂದು ಗುರುತಿಸುವುದು ಒಂದು ಕಾರ್ಯ. ಆ ಮಗು ನಿತ್ಯಜೀವನದಲ್ಲಿ ಏನೇನು ಮಾಡಬಲ್ಲದೆಂದು ಅರಿಯುವುದು ಮತ್ತೊಂದು. ಊಟ, ಉಡುಗೆ, ಸ್ನಾನ, ಶೌಚ, ಓಡಾಟ, ಇತರರೊಡನೆ ಬೆರೆಯುವಿಕೆ ಇವುಗಳಲ್ಲಿ ಮಗುವಿಗಿರುವ ಶಕ್ತಿಯನ್ನು ತಿಳಿಯುವ ಕ್ರಮವೇ ಕಾರ್ಯಸಾಮರ್ಥ್ಯದ ಮೌಲ್ಯಮಾಪನ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ವರ್ಗೀಕರಣವು ವ್ಯಕ್ತಿ 'ಮಾಡಬಲ್ಲದ್ದು' ಮತ್ತು ತನ್ನ ಪರಿಸರದಲ್ಲಿ 'ಮಾಡುತ್ತಿರುವುದು' ಇವೆರಡನ್ನೂ ಬೇರೆಬೇರೆಯಾಗಿ ಪರಿಗಣಿಸುತ್ತದೆ.

ಈ ಭೇದವು ಮಹತ್ವದ್ದಾಗಿದೆ. ಬಳಕೆಯಲ್ಲಿರುವ ಹಲವು ಮಾಪನಗಳು ಪರದೇಶಗಳಲ್ಲಿ ರೂಪುಗೊಂಡವು. 1992ರಲ್ಲಿ ಪ್ರಕಟವಾದ 'ಪೆಡಿ' ಎಂಬ ಮಾಪನದ ಮಾನದಂಡಕ್ಕೆ ಅಮೆರಿಕದ 412 ಮಕ್ಕಳು ಆಧಾರ. ಚಮಚದಿಂದ ತಿನ್ನುವುದು, ಸ್ನಾನದ ತೊಟ್ಟಿಗೆ ಇಳಿಯುವುದು ಅಲ್ಲಿನ ಮಕ್ಕಳಿಗೆ ಸಹಜ. ಕೈಯಿಂದ ಅನ್ನ ಕಲಸಿ ತುತ್ತು ಮಾಡುವುದು, ಚೊಂಬಿನಿಂದ ನೀರು ಹೊಯ್ದುಕೊಳ್ಳುವುದು, ಚಕ್ಕಂಬಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಶೌಚಕ್ಕೆ ಕೂರುವುದು ನಮ್ಮವರ ರೂಢಿ.

ದೇಶದೊಳಗೂ ವ್ಯತ್ಯಾಸಗಳುಂಟು. ಕೋಲ್ಕತ್ತದ ದಕ್ಷಿಣದಂಚಿನ ಜೋಕಾದಲ್ಲಿ ಉದ್ಯೋಗನಿಮಿತ್ತ ನೆಲೆಸಿದ ಕನ್ನಡ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಜೋಕಾದಿಂದ ತಾರಾತಲಾದವರೆಗಿನ ಮೆಟ್ರೋ ಮಾರ್ಗವು 2022ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. 1974ರಲ್ಲಿ ಸ್ಥಾಪಿತವಾದ, ಮೆದುಳಿನ ಪಾರ್ಶ್ವವಾಯು ಪೀಡಿತ ಮಕ್ಕಳಿಗಾಗಿ ಶ್ರಮಿಸುವ ಸಂಸ್ಥೆಯು ಆ ತಾರಾತಲಾದಲ್ಲಿಯೇ ಇದೆ. ಮನೆಯಲ್ಲಿ 'ನೀರು' ಎನ್ನುವ ಮಗುವನ್ನು ಬಂಗಾಳಿಯಲ್ಲಿ ಮಾತ್ರ ಪ್ರಶ್ನಿಸಿದರೆ ಅದು ಮೌನ ವಹಿಸೀತು. ಆ ಮೌನವು ಭಾಷೆಯದೇ ಹೊರತು ಬುದ್ಧಿಯದಲ್ಲ. ಹಾಗೆಯೇ, ಮೀನಿನ ಮುಳ್ಳು ಬಿಡಿಸಿ ಹಿರಿಯರೇ ಉಣ್ಣಿಸುವ ಮನೆಯ ಬಂಗಾಳಿ ಮಗುವಿಗೆ ತಾನಾಗಿ ತಿನ್ನುವ ಅವಕಾಶವೇ ದೊರೆತಿರದಿರಬಹುದು. ಅವಕಾಶವಿಲ್ಲದುದನ್ನು ಅಸಾಮರ್ಥ್ಯವೆಂದು ಬರೆದುಕೊಳ್ಳುವುದು ತಪ್ಪು.

ಇಂತಹ ತಪ್ಪಿನ ಪರಿಣಾಮ ಅಲ್ಪವಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಪ್ರಮಾಣೀಕೃತ ವೈಕಲ್ಯವು ಶೇಕಡ 40ಕ್ಕೆ ಕಡಮೆಯಿಲ್ಲದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅಳತೆ ತಪ್ಪಿದರೆ ಅರ್ಹ ಮಗುವಿಗೆ ನೆರವು ತಪ್ಪುತ್ತದೆ. ಇಲ್ಲವೇ ಕಲಿಯಬಲ್ಲ ಮಗುವಿಗೆ ಕಲಿಯಲಾರದೆಂಬ ಹಣೆಪಟ್ಟಿ ಅಂಟುತ್ತದೆ.

ಭಾರತದಲ್ಲಿ ಈ ಕೊರತೆ ನೀಗುವ ಪ್ರಯತ್ನಗಳು ನಡೆದಿವೆ. ಅಮೆರಿಕದ ಎಡ್ಗರ್ ಡಾಲ್ 1935ರಲ್ಲಿ ರಚಿಸಿದ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತಾ ಮಾಪನವನ್ನು ನಾಗಪುರದಲ್ಲಿ ಮಾಲಿನ್ ಅವರು ಭಾರತೀಯ ಪರಿಸರಕ್ಕೆ ಅಳವಡಿಸಿದರು. ಆದರೆ ಪ್ರಶ್ನೆಗಳನ್ನು ಭಾಷಾಂತರಿಸಿದ ಮಾತ್ರಕ್ಕೆ ಕಾರ್ಯ ಮುಗಿಯದು. 'ಗುಂಡಿ ಹಾಕಿಕೊಳ್ಳುವುದೇ?' ಎಂಬ ಪ್ರಶ್ನೆ, ಗುಂಡಿಯಿಲ್ಲದ ಉಡುಪು ತೊಡುವ ಮಗುವಿನ ಬೆರಳುಗಳ ಬಗ್ಗೆ ಏನನ್ನೂ ಹೇಳದು.

ಆದಕಾರಣ ಪೋಷಕರು ಪರೀಕ್ಷೆಗೆ ಹೋಗುವಾಗ ಮಗು ಮನೆಯಲ್ಲಿ ಸ್ವತಃ ಮಾಡುವ ಕೆಲಸಗಳು, ನೆರವಿನಿಂದ ಮಾಡುವ ಕೆಲಸಗಳು, ಎಂದೂ ಮಾಡಲು ಬಿಡದಿರುವ ಕೆಲಸಗಳು ಎಂದು ಮೂರು ಪಟ್ಟಿಗಳನ್ನು ಬರೆದೊಯ್ಯುವುದು ಒಳಿತು. ಮನೆಮಾತಿನಲ್ಲಿ ಪ್ರಶ್ನಿಸಬೇಕೆಂದು ಅವರು ಸಂಕೋಚವಿಲ್ಲದೆ ಕೋರಬೇಕು. ಪರೀಕ್ಷಕರೂ ಅಂಕವನ್ನು ಬರೆಯುವ ಮುನ್ನ ಮನೆಯ ರೂಢಿಯನ್ನು ವಿಚಾರಿಸಬೇಕು.