ಮರಗೆಣಸಿನ ಭೂಮಿ: ಅದರ ರಸಾಯನ ಗುಣಗಳೂ ಸೂಕ್ಷ್ಮಜೀವಿಗಳೂ

ಮರಗೆಣಸು ಭೂಮಿಯ ಸಾರವನ್ನೆಲ್ಲ ಹೀರಿಬಿಡುವುದೆಂದು ಹೆದರಿ ಕೆಲವು ಜಮೀನುದಾರರು ಅದನ್ನು ನಡಗೊಡುವುದಿಲ್ಲ. ಮತ್ತೆ ಕೆಲವರು, ಬೇರೇನೂ ಬಾರದ ಬಡ ನೆಲದಲ್ಲಿಯೂ ಅದು ಬರುವುದನ್ನು ಕಂಡು, ಗೊಬ್ಬರವೇ ಬೇಡವೆಂದು ಭಾವಿಸಿ ಒಂದೇ ಹೊಲದಲ್ಲಿ ವರ್ಷವರ್ಷವೂ ಬೆಳೆಯುತ್ತಾರೆ. ಎರಡು ಅಭಿಪ್ರಾಯಗಳೂ ಸರಿಯಲ್ಲ. ಆದರೆ ಎರಡನೆಯವರ ನಡತೆಯಿಂದ ಮೊದಲನೆಯವರ ಭಯವು ನಿಜವಾಗುತ್ತದೆ.

ತಿರುವಾಂಕೂರಿನಲ್ಲಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಈ ಬೆಳೆಗೆ ಪ್ರೋತ್ಸಾಹವಿತ್ತರು. ಕೇರಳದಲ್ಲಿ ಇದು ಬಹುಮಟ್ಟಿಗೆ ಜಂಬಿಟ್ಟಿಗೆ ಮಣ್ಣಿನ ಬೆಳೆ. ನಮ್ಮ ಕರಾವಳಿಯಲ್ಲಿಯೂ ಅದೇ ಜಾತಿಯ ಮಣ್ಣು ಹೇರಳವಾಗಿದೆ. ಹೆಚ್ಚು ಮಳೆಗೆ ಸುಣ್ಣ ಮತ್ತು ಪೊಟ್ಯಾಷ್ ಅಂಶಗಳು ತೊಳೆದುಹೋಗಿ ಇಂಥ ಮಣ್ಣು ಹುಳಿಯಾಗುತ್ತದೆ. ಅದರಲ್ಲಿನ ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಕೂಡಿಕೊಂಡು ಬೇರುಗಳಿಗೆ ದೊರೆಯದಂತಾಗುತ್ತದೆ.

ಹೀಗಿದ್ದರೂ ಮರಗೆಣಸು ಅಲ್ಲಿ ಬದುಕುವುದು ಹೇಗೆ? ಅದರ ಬೇರುಗಳು ದಪ್ಪವಾಗಿಯೂ ವಿರಳವಾಗಿಯೂ ಇವೆ, ಬೇರುಗೂದಲು ಸ್ವಲ್ಪವೇ. ಆ ಕೊರತೆಯನ್ನು ಮೈಕೊರೈಜಾ ಎಂಬ ಶಿಲೀಂಧ್ರವು ತುಂಬುತ್ತದೆ. ಇದು ಬೇರಿನೊಳಗೆ ನೆಲೆಸಿ ಗಿಡದಿಂದ ಸಕ್ಕರೆಯನ್ನು ಪಡೆದು, ತನ್ನ ನವುರಾದ ಎಳೆಗಳನ್ನು ಬೇರು ಮುಟ್ಟಲಾರದ ಮಣ್ಣಿಗೆ ಚಾಚಿ ರಂಜಕವನ್ನು ತಂದುಕೊಡುತ್ತದೆ. ಶಿಲೀಂಧ್ರಗಳನ್ನು ನಾಶಮಾಡಿದ ಮಣ್ಣಿನಲ್ಲಿ ನೆಟ್ಟ ಮರಗೆಣಸು, ಬಹಳ ಹೆಚ್ಚಾಗಿ ರಂಜಕವನ್ನು ಕೊಡದ ಹೊರತು ಕುಂಠಿತವಾಗಿಯೇ ಉಳಿಯುವುದೆಂದು ಪ್ರಯೋಗಗಳಿಂದ ಸಿದ್ಧವಾಗಿದೆ. ಈ ಜೀವಿಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿರುವುದರಿಂದ, ಮೇಲ್ಮಣ್ಣು ಕೊಚ್ಚಿಹೋದರೆ ಅವೂ ಹೋಗುತ್ತವೆ.

ಆದರೆ ಶಿಲೀಂಧ್ರವು ಮಣ್ಣಿನಲ್ಲಿರುವುದನ್ನು ತರಬಲ್ಲುದೇ ಹೊರತು ಇಲ್ಲದ್ದನ್ನು ಸೃಷ್ಟಿಸಲಾರದು. ಗೆಡ್ಡೆಗಳೊಡನೆ ಹೊಲದಿಂದ ಹೊರಹೋಗುವ ಪೋಷಕಗಳಲ್ಲಿ ಪೊಟ್ಯಾಷ್ ಅಂಶವೇ ಮೊದಲನೆಯದು. ಅದು ಕುಗ್ಗಿದಾಗ ಕೆಳಗಿನ ಎಲೆಗಳ ಅಂಚು ಹಳದಿಯಾಗಿ ಒಣಗುತ್ತದೆ. ಗೆಡ್ಡೆಯಲ್ಲಿ ಪಿಷ್ಟವು ಕಡಿಮೆಯಾಗುತ್ತದೆ.

ಆದಕಾರಣ ಜಮೀನುದಾರರು ಈ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಎಕರೆಗೆ 5 ಟನ್ ಕೊಟ್ಟಿಗೆ ಗೊಬ್ಬರವನ್ನು ಹಾಕುವುದು. ಸೂಕ್ಷ್ಮಜೀವಿಗಳಿಗೆ ಇದೇ ಆಹಾರ.

2. ಕೇರಳದಲ್ಲಿ ಅಧಿಕ ಇಳುವರಿಯ ತಳಿಗಳಿಗೆ ಶಿಫಾರಸು ಮಾಡಿರುವ ಪ್ರಮಾಣವು ಎಕರೆಗೆ ಸುಮಾರು 40 ಕಿಲೋ ಸಾರಜನಕ, 20 ಕಿಲೋ ರಂಜಕ, 40 ಕಿಲೋ ಪೊಟ್ಯಾಷ್. ಮಣ್ಣನ್ನು ಪರೀಕ್ಷೆ ಮಾಡಿಸಿ ಇದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವುದು. ರಂಜಕವು ಮಿತಿಮೀರಿದರೆ ಬೇರಿನಲ್ಲಿ ಶಿಲೀಂಧ್ರವು ಕಡಿಮೆಯಾಗುತ್ತದೆ.

3. ಸುಣ್ಣವನ್ನು ಮಿತವಾಗಿ ಹಾಕುವುದು. ಅತಿಯಾದರೆ ಸತುವಿನ ಕೊರತೆ ತಲೆದೋರುತ್ತದೆ.

4. ಮೊದಲ 3 ತಿಂಗಳು ಗಿಡಗಳು ನೆಲವನ್ನು ಮುಚ್ಚಲಾರವು. ಆದುದರಿಂದ ಇಳಿಜಾರಿಗೆ ಅಡ್ಡಲಾಗಿ ಏರಿ ಮಾಡಿ, ಸಾಲುಗಳ ನಡುವೆ ಅಲಸಂದೆ ಅಥವಾ ನೆಲಗಡಲೆಯನ್ನು ಬಿತ್ತುವುದು.

5. ಕಿತ್ತ ಮೇಲೆ ಎಲೆಗಳನ್ನೂ, ಬಿತ್ತನೆಗೆ ಬೇಡವಾದ ರೋಗವಿಲ್ಲದ ಕಾಂಡಗಳನ್ನೂ ಹೊಲದಲ್ಲಿಯೇ ಬಿಡುವುದು.

ಗೇಣಿಗೆ ಕೊಡುವವರು ಈ ಷರತ್ತುಗಳನ್ನು ಕರಾರಿನಲ್ಲಿಯೇ ಬರೆಯಿಸುವುದು ಲೇಸು. ಒಂದು ವರ್ಷದ ಗೇಣಿಯು ಕೈಸೇರಿದರೂ, ಕೊಚ್ಚಿಹೋದ ಮೇಲ್ಮಣ್ಣು ಒಂದು ತಲೆಮಾರಿನಲ್ಲಿಯೂ ಮರಳಿ ಬಾರದು.